ದನದ ಆರೈಕೆಯೂ ಒಂದು ವಿದ್ಯೆ

(ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಕೂಡಿದ್ದ ರೈತರ ಸಭೆಯಲ್ಲಿ ಆಡಿದ ಮಾತು)



ಎಸ್.ಎಸ್.ಎಲ್.ಸಿ. ಮುಗಿಸಿದ ಮಗನೋ ಮಗಳೋ ನಿಮ್ಮ ಮನೆಯಲ್ಲಿದ್ದರೆ ಈ ಮಾತು ನಿಮಗಾಗಿ. ಆ ಮಗುವನ್ನು ದನಗಳ ಆರೈಕೆಯ ವಿದ್ಯೆಗೆ ಹಚ್ಚುವ ವಿಚಾರ ಮಾಡಿರಿ. ಹೀಗೆಂದ ಕೂಡಲೆ "ದನಾ ನೋಡಾಕೂ ಕಾಲೇಜ ಬೇಕೇನಪಾ?" ಎಂದು ನಗುವವರಿದ್ದಾರೆ. ನಗಲಿ. ನಕ್ಕಾದ ಮೇಲೆ ಮನೆಯ ಲೆಕ್ಕದ ವಹಿ ತೆಗೆದು ನೋಡಲಿ. ಆಕಳು, ಎಮ್ಮೆ, ಎತ್ತು ಎಂದು ತಂದ ಸಾಲ ಎಷ್ಟು? ಆ ದನಗಳಲ್ಲಿ ಸತ್ತವೆಷ್ಟು, ಗಬ್ಬ ನಿಲ್ಲದೆ ಮಾರಿದವೆಷ್ಟು? ದನ ಸತ್ತರೆ ಹಾಲು ನಿಲ್ಲುತ್ತದೆ, ಗೊಬ್ಬರ ನಿಲ್ಲುತ್ತದೆ, ಗಳೆ ನಿಲ್ಲುತ್ತದೆ. ಬ್ಯಾಂಕಿನ ಬಡ್ಡಿ ನಿಲ್ಲುತ್ತದೇನು? ದನ ಸತ್ತರೂ ಸಾಲ ಸಾಯುವುದಿಲ್ಲ.

2022ರಲ್ಲಿ ಬಂದ ಚರ್ಮಗಂಟು ರೋಗವನ್ನು ಯಾರೂ ಮರೆತಿಲ್ಲ. ನಮ್ಮ ಧಾರವಾಡ, ಹಾವೇರಿ ಜಿಲ್ಲೆಗಳ ಎಷ್ಟೋ ಕೊಟ್ಟಿಗೆಗಳು ಆಗ ಬರಿದಾದವು. ಸರಕಾರ ಸತ್ತ ಆಕಳಿಗೆ 20,000 ರೂಪಾಯಿ, ಎತ್ತಿಗೆ 30,000, ಕರುವಿಗೆ 5,000 ಪರಿಹಾರ ಎಂದು ಹೇಳಿತು. ದನದ ಪೇಟೆ ತಿರುಗಿದವರಿಗೆ ಅಷ್ಟು ದುಡ್ಡಿಗೆ ಎಂಥ ಎತ್ತು ಬರುತ್ತದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಆ ರೋಗ ನಮಗೆ ಒಂದು ಪಾಠ ಕಲಿಸಿತು. ಅದು ವೈರಾಣುವಿನ ರೋಗ. ಆ ವೈರಾಣುವನ್ನೇ ಕೊಲ್ಲುವ ಔಷಧ ಇಲ್ಲ. ಮುಂಜಾಗ್ರತೆಗೆ ಆಗ ಹಾಕಿದ್ದು ಮೇಕೆ ಸಿಡುಬಿನ ಲಸಿಕೆ. ರೋಗ ಬಂದ ಮೇಲೆ ಉಳಿದದ್ದು ಆರೈಕೆಯೊಂದೇ. ಗಂಟು ಒಡೆದಲ್ಲಿ ಗಾಯ ತೊಳೆಯುವುದು, ನೊಣ ಕೂಡದಂತೆ ನೋಡುವುದು, ಮೇವು ಬಿಟ್ಟ ದನಕ್ಕೆ ಗಂಜಿ ಕುಡಿಸುವುದು, ನೀರು ತೋರಿಸುವುದು, ಬೇನೆಯ ದನವನ್ನು ಬೇರೆ ಕಟ್ಟುವುದು. ಡಾಕ್ಟರು ಬಂದು ಸೂಜಿ ಹಾಕಿ ಮುಂದಿನ ಹಳ್ಳಿಗೆ ಹೋಗುತ್ತಾರೆ. ಅವರಿಗೆ ಹತ್ತು ಹಳ್ಳಿ. ಈಗ 1962ಕ್ಕೆ ಫೋನು ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುವ ವ್ಯವಸ್ಥೆಯೂ ಇದೆ, ಅದು ಒಳ್ಳೆಯದೇ. ಆದರೆ ವಾಹನ ಬರುವ ತನಕ ಮತ್ತು ಹೋದ ಮೇಲೆ ದನದ ಹತ್ತಿರ ಯಾರಿರುತ್ತಾರೆ? ದನ ಬದುಕುವುದೋ ಸಾಯುವುದೋ ಬಹಳ ಸಲ ಆ ಹೊತ್ತಿನಲ್ಲೇ ತೀರ್ಮಾನವಾಗುತ್ತದೆ.

"ನಾವು ಹುಟ್ಟಾ ದನದ ಜೋಡೀನ ಬೆಳದವ್ರು, ನಮಗ್ಯಾರು ಕಲಸಬೇಕು?" ಎಂದು ಹಿರಿಯರು ಕೇಳಬಹುದು. ನಿಮ್ಮ ಅನುಭವ ದೊಡ್ಡದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ನೋಡ್ರಿ, ಹೊಟ್ಟೆ ಉಬ್ಬಿದ ದನದ ಮುಖ ಎತ್ತಿ, ನಾಲಿಗೆ ಜಗ್ಗಿ ಹಿಡಿದು ಗೊಟ್ಟದಿಂದ ಎಣ್ಣೆ ಸುರಿಯುತ್ತೇವೆ. ಎಣ್ಣೆ ಶ್ವಾಸನಾಳಕ್ಕೆ ಇಳಿದರೆ ಉಬ್ಬರ ಹೋದರೂ ನ್ಯುಮೋನಿಯಾದಿಂದ ದನ ಸಾಯುತ್ತದೆ. ಕರು ಹಾಕಿ ನೆಲ ಹಿಡಿದ ಆಕಳಿಗೆ ಸುಣ್ಣದ ಅಂಶ ಕಡಿಮೆಯಾಗಿರುತ್ತದೆ, ಇದಕ್ಕೆ ಹಾಲು ಜ್ವರ ಎನ್ನುತ್ತಾರೆ. ಹೆಸರಿಗೆ ಜ್ವರ, ಮೈ ಮಾತ್ರ ತಣ್ಣಗೆ. ಅದಕ್ಕೆ ಕ್ಯಾಲ್ಸಿಯಂ ಬಾಟ್ಲಿಯನ್ನು ಅರಿಯದವರು ನರಕ್ಕೆ ಜೋರಾಗಿ ಬಿಟ್ಟರೆ ಎದೆ ನಿಂತು ಆಕಳು ಅಲ್ಲೇ ಹೋಗುತ್ತದೆ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳವನ್ನೋ ಕುಳೆ ಜೋಳವನ್ನೋ ಮೇದ ದನ ಗಳಿಗೆಯೊಳಗೆ ಒದ್ದಾಡಿ ಸತ್ತರೆ ಹಾವು ಕಡಿಯಿತು ಅನ್ತೇವೆ. ಅದು ಜೋಳದೊಳಗಿನ ವಿಷ. ಬೇಗ ಗುರುತಿಸಿ ಡಾಕ್ಟರನ್ನು ಕರೆಸಿದರೆ ಅದಕ್ಕೆ ಮದ್ದು ಇದೆ.

ಕಲಿತ ಕೈ ಏನು ಮಾಡುತ್ತದೆ? ಥರ್ಮಾಮೀಟರ್ ಇಟ್ಟು ನೋಡುತ್ತದೆ, ಆಕಳ ಮೈ ಶಾಖ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ಬಾಲದ ಬುಡದಲ್ಲಿ ನಾಡಿ ಹಿಡಿಯುತ್ತದೆ. ಎಡ ಪಕ್ಕೆಗೆ ಮುಷ್ಟಿ ಒತ್ತಿ ಹೊಟ್ಟೆ ಆಡುತ್ತದೋ ಇಲ್ಲವೋ ನೋಡುತ್ತದೆ. ಎಲ್ಲವನ್ನೂ ಬರೆದಿಟ್ಟು ಡಾಕ್ಟರಿಗೆ ಫೋನಿನಲ್ಲಿ ಹೇಳುತ್ತದೆ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಒಯ್ಯುತ್ತದೆ, ಬಿಸಿಲಿಗೆ ಕೆಟ್ಟ ಲಸಿಕೆ ಹಾಕಿಸಿದರೂ ಒಂದೇ, ಬಿಟ್ಟರೂ ಒಂದೇ. ಹುಟ್ಟಿದ ಕರುವಿಗೆ ಮೊದಲ ತಾಸಿನಲ್ಲೇ ಗಿಣ್ಣದ ಹಾಲು ಕುಡಿಸುತ್ತದೆ. ಬೆದೆಯ ಹೊತ್ತು ಗುರುತಿಸುತ್ತದೆ. ಒಂದು ಬೆದೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ನಿಮ್ಮ ಮನೆಯಲ್ಲಿ ಒಂದು ದಿನಕ್ಕೆ ಹಿಂಡಿ, ಕಣಿಕೆಗೆ ಬೀಳುವ ಖರ್ಚನ್ನು 21ರಿಂದ ಗುಣಿಸಿರಿ. ಸಾಲದ ಕಂತು ಎಲ್ಲಿ ಸೋರಿ ಹೋಗುತ್ತದೆ ಎಂಬುದು ತಿಳಿಯುತ್ತದೆ.

ಇದು ಪುಸ್ತಕ ಓದಿ ಬರುವುದಲ್ಲ, ಕಣ್ಣಿಂದ ನೋಡಿದರೂ ಬರುವುದಿಲ್ಲ. ಕೈ ಹಿಡಿದು ಕಲಿಸುವವರು ಬೇಕು. ಗಂಗೂಬಾಯಿ ಹಾನಗಲ್ಲರ ಮನೆ ಇದೇ ದೇಶಪಾಂಡೆ ನಗರದಲ್ಲಿದೆ. ಅವರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ, ಸವಾಯಿ ಗಂಧರ್ವರ ಮುಂದೆ ಕೂತು ಕಲಿತವರು. ಕಂಠ ಹುಟ್ಟಿನಿಂದ ಬಂದಿತ್ತು, ವಿದ್ಯೆ ಗುರುವಿನಿಂದ ಬಂತು. ರೈತನ ಮಗುವಿಗೆ ದನದ ಮೇಲಿನ ಪ್ರೀತಿ ಹುಟ್ಟಿನಿಂದ ಬಂದಿರುತ್ತದೆ. ವಿದ್ಯೆ ಕಲಿಯಲು ಅದೂ ಊರು ಬಿಟ್ಟು ಹೋಗಬೇಕು.

ಎಲ್ಲಿಗೆ ಹೋಗಬೇಕು? ಬೀದರದಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ಅದರ ಪಶುಸಂಗೋಪನಾ ಪಾಲಿಟೆಕ್ನಿಕ್‌ಗಳಲ್ಲಿ ಎಸ್.ಎಸ್.ಎಲ್.ಸಿ. ಆದ ಮೇಲೆ ಡಿಪ್ಲೊಮಾ ಕಲಿಸುತ್ತಾರೆ. ಅಂಥದೊಂದು ನಮಗೆ ಹತ್ತಿರದ ಶಿಗ್ಗಾವಿಯಲ್ಲೇ ಇದೆ. ಸೇರುವ ಮೊದಲು ಆ ವರ್ಷದ ಪ್ರಕಟಣೆ ತರಿಸಿ ನಿಯಮ, ಫೀ ಎರಡನ್ನೂ ಓದಿರಿ. ಪಿ.ಯು.ಸಿ. ವಿಜ್ಞಾನ ಓದುವ ಶಕ್ತಿ ಇದ್ದ ಮಗು ಡಾಕ್ಟರಿಕೆಯ ಪದವಿಗೇ ಹೋಗಲಿ. ಅದು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ್ದು, ಗದಗದಲ್ಲೂ ಅದರ ಕಾಲೇಜಿದೆ. ಹೆಣ್ಣುಮಕ್ಕಳನ್ನು ಬಿಡಬೇಡಿರಿ. ಸೆಗಣಿ ಬಾಚುವವರು, ಹಾಲು ಹಿಂಡುವವರು, ದನ ಮೇವು ಬಿಟ್ಟಿತೆಂದು ಮೊದಲು ಕಾಣುವವರು ನಮ್ಮ ಮನೆಯ ಹೆಣ್ಣುಮಕ್ಕಳೇ ಅಲ್ಲೇನು?

ಈಗ ಕಾನೂನಿನ ಮಾತು. ಇದನ್ನು ತಿಳಿಯದೆ ಮಕ್ಕಳನ್ನು ಕಳಿಸಬಾರದು. ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆ 1984ರದು. ಅದರ 30ನೆಯ ಕಲಮಿನಂತೆ ನೋಂದಾಯಿತ ಡಾಕ್ಟರೇ ದನಗಳ ವೈದ್ಯಕೀಯ ಮಾಡಬೇಕು. ಡಿಪ್ಲೊಮಾ ಪಡೆದ ಸಹಾಯಕರಿಗೆ ರಾಜ್ಯ ಸರಕಾರ ಅನುಮತಿ ಕೊಟ್ಟರೆ, ಡಾಕ್ಟರ ಮೇಲ್ವಿಚಾರಣೆಯಲ್ಲಿ ಸಣ್ಣ ಸೇವೆಗಳನ್ನು ಮಾಡಬಹುದು. ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯ ಕಟ್ಟುವುದು ಮೊದಲಾದವು. ಅಂದರೆ ಡಿಪ್ಲೊಮಾ ಮಾಡಿದ ಹುಡುಗ ಡಾಕ್ಟರಲ್ಲ. "ನಮ್ಮ ಹುಡುಗಾ ಇದ್ದಾನ, ಡಾಕ್ಟರ್ ಯಾಕ ಬೇಕು, ಜೋರ ಇಂಜೆಕ್ಷನ್ ಚುಚ್ಚಪಾ" ಎಂದು ಅವನನ್ನು ಒತ್ತಾಯಿಸಿದರೆ ನಮ್ಮ ದನಕ್ಕೂ ಕೇಡು, ಅವನ ಬಾಳಿಗೂ ಕೇಡು.

ಆದರೆ ಕಾನೂನಿನ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಇಂಗ್ಲೆಂಡಿನಲ್ಲಿ ಡಾಕ್ಟರ ಕೈಕೆಳಗೆ ಪಶುಗಳ ಆರೈಕೆ ಮಾಡುವವರಿಗೆ 1961ರಲ್ಲಿ ತರಬೇತಿಯ ಕ್ರಮ ಮಾಡಿದರು. ಮೊದಲು ಅವರನ್ನು ಸಹಾಯಕರೆಂದೇ ಕರೆದರು. 1984ರಲ್ಲಿ ಪಶು ನರ್ಸ್ ಎಂಬ ಹೆಸರು ಸಿಕ್ಕಿತು. ಇಂದು ಅಲ್ಲಿ ಆ ವಿದ್ಯೆಗೆ ಪದವಿ ಇದೆ, ನೋಂದಣಿ ಇದೆ. ಅದೇ 1984ರಲ್ಲಿ ನಮ್ಮ ಕಾಯಿದೆ ಡಾಕ್ಟರಿಗೆ ನೋಂದಣಿ ಪುಸ್ತಕ ಕೊಟ್ಟು, ಆರೈಕೆಯವರಿಗೆ ಒಂದು ವಿನಾಯಿತಿಯ ಸಾಲು ಕೊಟ್ಟು ಕೈ ತೊಳೆದುಕೊಂಡಿತು. ಮನುಷ್ಯರ ನರ್ಸುಗಳಿಗಾದರೆ 1947ರಲ್ಲೇ ಕಾಯಿದೆ ಆಗಿದೆ. ಅಲ್ಲಿ ನಾಯಿ ಬೆಕ್ಕು ನೋಡುವವರಿಗೆ ಪದವಿ, ಇಲ್ಲಿ ಒಂದು ಮನೆತನದ ಅನ್ನವನ್ನೇ ಉಳಿಸುವವರು ಬರೀ ಕೈಯಾಳು. ಇದು ನ್ಯಾಯವೇ?

ಆದ್ದರಿಂದ ನಾವು ಸರಕಾರವನ್ನು ಮೂರು ಕೇಳಬೇಕು. ಒಂದು, ಈ ವಿದ್ಯೆ ಕಲಿತವರಿಗೆ ಹೆಸರು, ನೋಂದಣಿ ಕೊಡಿರಿ, ಅವರ ಕೆಲಸದ ಎಲ್ಲೆಯನ್ನು ಕನ್ನಡದಲ್ಲಿ ಬರೆದು ಪಂಚಾಯತಿಯ ಬಾಗಿಲಿಗೆ ಹಚ್ಚಿರಿ. ಎರಡು, ಪಶು ಆಸ್ಪತ್ರೆಗಳಲ್ಲಿ ಖಾಲಿ ಬಿದ್ದ ಜಾಗ ತುಂಬಿರಿ, ಕಲಿತವರು ಕಾಯುತ್ತಾ ವಯಸ್ಸು ಕಳೆಯಬಾರದು. ಮೂರು, ಡಿಪ್ಲೊಮಾದಿಂದ ಪದವಿಗೆ ಏರಲು ಮೆಟ್ಟಿಲು ಕಟ್ಟಿರಿ.

ನಾವು ಮಾಡಬೇಕಾದದ್ದೂ ಇದೆ. ಕಲಿತು ಬಂದ ಮಗು ನಮ್ಮ ಓಣಿಯದೆಂದು ಪುಕ್ಕಟೆ ದುಡಿಸಬೇಡಿರಿ. ರಾತ್ರಿ ಕರೆದರೆ ರಾತ್ರಿಯ ಕೂಲಿ ಕೊಡಿರಿ. ಹಾಲಿಗೆ ಬೆಲೆ ಕೇಳುವ ನಾವು ಇನ್ನೊಬ್ಬರ ಬೆವರಿಗೆ ಬೆಲೆ ಕಟ್ಟದಿದ್ದರೆ ನಮ್ಮ ಮಾತಿಗೆ ತೂಕ ಎಲ್ಲಿಂದ ಬರಬೇಕು? ಪ್ರತಿ ದನಕ್ಕೂ ಒಂದು ಹಾಳೆ ಇಡಿರಿ. ಬೆದೆ ಯಾವಾಗ, ಲಸಿಕೆ ಯಾವಾಗ, ಯಾವ ಔಷಧ ಕೊಟ್ಟರು, ಎಷ್ಟು ದಿನ ಹಾಲು ಡೇರಿಗೆ ಹಾಕಬಾರದೆಂದರು, ಎಲ್ಲ ಅದರಲ್ಲಿರಲಿ.

ಈ ಸಲದ ಫಲಿತಾಂಶ ಬಂದ ಕೂಡಲೆ ಊರಿಗೊಬ್ಬ ಹುಡುಗ, ಒಬ್ಬ ಹುಡುಗಿಯನ್ನು ಆರಿಸಿರಿ. ಫೀ ಕಟ್ಟಲಾಗದ ಮನೆಯಿದ್ದರೆ ಓಣಿಯವರು ಕೂಡಿ ಕಟ್ಟಿರಿ. ಒಂದು ಎಮ್ಮೆ ಸತ್ತರೆ ಹೋಗುವ ದುಡ್ಡಿನ ಮುಂದೆ ಅದೇನು ದೊಡ್ಡದಲ್ಲ.