ಮಾಸ್ತರರ ಪರದೇಶ

ಧಾರವಾಡದಿಂದ ಬೆಳಗಾವಿಯತ್ತ ಸಾಗುವ ಹೆದ್ದಾರಿಯ ಬದಿಗೆ, ಬೇಲೂರು ಕೈಗಾರಿಕಾ ಪ್ರದೇಶದ ಬೆಳಗಿನ ಪಾಳಿಗೆಂದು ಬಸ್ಸಿನಿಂದಿಳಿದ ಪರಸ್ಥಳದ ತರುಣರು, ಹೆಗಲ ಚೀಲವನ್ನು ಸರಿಪಡಿಸಿಕೊಳ್ಳುತ್ತ ಕ್ಷಣಕಾಲ ದಿಕ್ಕು ನೋಡಿ ನಿಲ್ಲುವುದನ್ನು ಕಂಡಾಗಲೆಲ್ಲ, ಇದೇ ದಾರಿಯ ಆಚೆಯ ಬೆಳಗಾವಿಯಲ್ಲಿ ಒಮ್ಮೆ ಇಂಗ್ಲಿಷ್ ಅಧ್ಯಾಪಕರಾಗಿದ್ದು, 1959ರಲ್ಲಿ ಅಮೆರಿಕೆಗೆ ತೆರಳಿದ ಕವಿ ಎ. ಕೆ. ರಾಮಾನುಜನ್ನರು ನನ್ನ ಸ್ಮರಣೆಗೆ ಬರುತ್ತಾರೆ.

1929ರಲ್ಲಿ ಮೈಸೂರಿನಲ್ಲಿ ಜನಿಸಿದ ಈ ಮಾಸ್ತರರು, ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನವನ್ನು ವ್ಯಾಸಂಗ ಮಾಡಿ, 1962ರಿಂದ ಶಿಕಾಗೋದಲ್ಲಿ ನೆಲೆನಿಂತರು; ಮಿಶಿಗನ್ ಸರೋವರದ ಶೀತಮಾರುತಕ್ಕೆ ಮೈಯೊಡ್ಡಿದ ಆ ಮಹಾನಗರಿಯಲ್ಲಿ, ಇಂಗ್ಲಿಷ್ ಕಲಿಸಿ ಬಂದವರು ಕಲಿಸತೊಡಗಿದುದು ದ್ರಾವಿಡ ಭಾಷೆಗಳನ್ನೆಂಬುದು ಸೋಜಿಗವೇ ಸರಿ. ಪರದೇಶದಲ್ಲಿ ಬೇರೂರುವುದೆಂದರೆ ಬಾಡಿಗೆಯ ಮನೆ, ಉಣ್ಣೆಯ ಕೋಟುಗಳನ್ನು ಹೊಂದಿಸಿಕೊಳ್ಳುವುದಷ್ಟೇ ಎಂದು ನಾವು ಬಗೆಯುತ್ತೇವೆ (ರೊಟ್ಟಿಯ ಚಿಂತೆ ನಮ್ಮ ಕಡೆಯವರಿಗೆ ಅದಕ್ಕೂ ಮೊದಲು!), ರಾಮಾನುಜನ್ನರಾದರೋ ಬಿಟ್ಟುಬಂದ ಊರಿನ ನುಡಿಯನ್ನೇ ಹೊಸ ಊರಿನ ಉದ್ಯೋಗವಾಗಿಸಿಕೊಂಡರು.

ಅವರು ಇಂಗ್ಲಿಷಿಗೆ ತಂದ ಶಿವಶರಣರ ವಚನಗಳು 1973ರಲ್ಲಿ ಪುಸ್ತಕರೂಪವಾಗಿ ಲೋಕದ ಕೈಸೇರಿದುವು. ಅದಕ್ಕೂ ಮುನ್ನ, 1969ರಲ್ಲಿ, ಶಿಕಾಗೋವಾಸಿಯಾದ ಈ ಕವಿಯ ಮೊದಲ ಕನ್ನಡ ಕವನಸಂಕಲನ ‘ಹೊಕ್ಕುಳಲ್ಲಿ ಹೂವಿಲ್ಲ’ ಪ್ರಕಟವಾದುದು, ಪ್ರಕಾಶಕ ಜಿ. ಬಿ. ಜೋಶಿಯವರ ಅಟ್ಟವೆಂದೇ ನಾಡಿಗೆಲ್ಲ ಪರಿಚಿತವಾದ, ನಮ್ಮ ಧಾರವಾಡದ ಮನೋಹರ ಗ್ರಂಥಮಾಲೆಯಿಂದ.