ಹೊಟ್ಟೆ ತೊಳಸಿದಾಗ ಒಳಗೆ ಏನು ನಡೆಯುತ್ತದೆ?

ಮಕ್ಕಳೇ, ಹೊಟ್ಟೆ ಕೆಟ್ಟಾಗ ಹುಬ್ಬಳ್ಳಿಯ ಕಮರಿಪೇಟೆಯಂಥ ಹಳೇ ಓಣಿಯಲ್ಲಿ ಎಷ್ಟು ಬಗೆಯ ಮಾತು! ಒಂದು ಮನೆಯಲ್ಲಿ "ಯವ್ವಾ, ಹೊಟ್ಟಿ ತೊಳಸಾಕತ್ತೈತಿ", ಪಕ್ಕದಲ್ಲಿ "ವಾಕರಿಕಿ ಬರಾಕತ್ತೈತಿ", ಎದುರುಮನೆಯಲ್ಲಿ "ಉಲ್ಟಿ ಆತು", ದವಾಖಾನೆಗೆ ಹೋದರೆ "ವಾಮಿಟಿಂಗ್ ಆಗೇತ್ರಿ". ಡಾಕ್ಟರಿಗೆ ಮಾತ್ರ ಇವೆಲ್ಲ ಒಂದೇ ಅಲ್ಲ. ತೊಳಸುವುದು ನಿಮಗಷ್ಟೇ ಗೊತ್ತಾಗುವ ಸಂಕಟ. ವಾಕರಿಕೆಯಲ್ಲಿ ಹೊಟ್ಟೆಯ ಸ್ನಾಯುಗಳು ಹಿಂಡುತ್ತವೆ, ಬಾಯಿಗೆ ಏನೂ ಬರುವುದಿಲ್ಲ. ಬಂತೋ, ಅದು ವಾಂತಿ. ಹಾಗಾಗಿ ಡಾಕ್ಟರು ಕೇಳಿದಾಗ ಯಾವುದು ಆಯಿತೆಂದು ಸರಿಯಾಗಿ ಹೇಳಿ.

ಇದೆಲ್ಲ ಹೊಟ್ಟೆಯ ಕಿತಾಪತಿ ಎಂದುಕೊಳ್ಳುತ್ತೇವೆ. ಆದರೆ ಅಪ್ಪಣೆ ಹೊರಡುವುದು ಮಿದುಳಿನಿಂದ. ಮಿದುಳಿನ ಬುಡದಲ್ಲಿ ಏರಿಯಾ ಪೋಸ್ಟ್ರೀಮಾ ಎಂಬ ಚಿಕ್ಕ ಜಾಗವಿದೆ. ಮಿದುಳಿನ ಹೆಚ್ಚಿನ ಕಡೆ ರಕ್ತನಾಳಗಳ ಗೋಡೆ ಬಹಳ ಬಿಗಿ, ರಕ್ತದಲ್ಲಿರುವ ಎಲ್ಲವನ್ನೂ ಒಳಗೆ ಬಿಡುವುದಿಲ್ಲ. ಇದರಂಥ ಕೆಲವೇ ಜಾಗಗಳಲ್ಲಿ ಗೋಡೆ ಸಡಿಲ. ರಕ್ತದಲ್ಲಿ ವಿಷ ಬೆರೆತರೆ ಇಲ್ಲಿ ಬೇಗ ತಿಳಿಯಲೆಂದೇ ಈ ಏರ್ಪಾಡು. ಕರುಳಿನಿಂದಲೂ ಸುದ್ದಿ ಬರುತ್ತದೆ. ಕೆಟ್ಟ ಆಹಾರ ತಾಗಿದರೆ ಕರುಳಿನ ಕೆಲವು ಕೋಶಗಳು ಸೆರೊಟೋನಿನ್ ಎಂಬ ರಾಸಾಯನಿಕವನ್ನು ಬಿಡುತ್ತವೆ. ವೇಗಸ್ ಎಂಬ ಉದ್ದನೆಯ ನರ ಆ ಸುದ್ದಿಯನ್ನು ಮಿದುಳಿಗೆ ಒಯ್ಯುತ್ತದೆ. ನಮ್ಮ ಮೈಯ ಸೆರೊಟೋನಿನ್‌ನಲ್ಲಿ ನೂರಕ್ಕೆ 90ರಷ್ಟು ಇರುವುದು ಕರುಳಿನಲ್ಲೇ.

ಇನ್ನು ಮುಂದಿನದು ಬಲು ಚೊಕ್ಕ ಕೆಲಸ. ಮೊದಲು ಬಾಯಿತುಂಬ ನೀರುನೀರಾದ ಜೊಲ್ಲು ಬರುತ್ತದೆ. ಜಠರದ ಆಮ್ಲ ಹಲ್ಲನ್ನು ತಿನ್ನದಿರಲಿ ಎಂಬ ಮುನ್ನೆಚ್ಚರಿಕೆ ಅದು. ಸಣ್ಣ ಕರುಳು ತನ್ನ ದಿಕ್ಕು ಬದಲಿಸಿ ಒಳಗಿನದನ್ನು ಜಠರದತ್ತ ಹಿಂದಕ್ಕೆ ನೂಕುತ್ತದೆ. ಹೊಟ್ಟೆ ಖಾಲಿಯಿದ್ದಾಗಲೂ ಹಳದಿ ಬಣ್ಣದ ಕಹಿ ನೀರು ಬರುವುದು ಇದರಿಂದಲೇ, ಅದು ಪಿತ್ತರಸ. ಉಸಿರು ಕ್ಷಣ ನಿಲ್ಲುತ್ತದೆ, ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ. ಆಗ ಎದೆ-ಹೊಟ್ಟೆಯ ನಡುವಿನ ವಪೆ ಮತ್ತು ಹೊಟ್ಟೆಯ ಸ್ನಾಯುಗಳು ಒಟ್ಟಿಗೆ ಒತ್ತುತ್ತವೆ. ಜಠರ? ಅದು ಸುಮ್ಮನೆ ಸಡಿಲವಾಗಿ ಇರುತ್ತದೆ, ಹೊರಗಿನಿಂದ ಹಿಂಡಿಸಿಕೊಳ್ಳುತ್ತದೆ ಅಷ್ಟೆ. ನಾಯಿ, ಬೆಕ್ಕಿಗೆ ಇದು ಸಲೀಸು. ಇಲಿಗೆ ಮಾತ್ರ ವಾಂತಿ ಮಾಡಲು ಬರುವುದೇ ಇಲ್ಲ, ಪಾಪ.

ವಿಷವೇ ಇಲ್ಲದೆಯೂ ಮಿದುಳು ಗಾಬರಿಯಾಗುವುದುಂಟು. ಹುಬ್ಬಳ್ಳಿಯಿಂದ ಕಾರವಾರದ ಬಸ್ಸು ಹತ್ತಿ, ಯಲ್ಲಾಪುರ ದಾಟಿ ಅರಬೈಲು ಘಾಟಿನ ತಿರುವುಗಳಲ್ಲಿ ಮೊಬೈಲ್ ನೋಡುತ್ತ ಕೂತರೆ ಸಾಕು. ಕಿವಿಯೊಳಗಿನ ಮೂರು ಅರೆವೃತ್ತ ನಾಳಗಳು "ತಿರುಗುತ್ತಿದ್ದೇವೆ" ಎನ್ನುತ್ತವೆ, ಕಣ್ಣು "ಏನೂ ಅಲ್ಲಾಡುತ್ತಿಲ್ಲ" ಎನ್ನುತ್ತದೆ. ಈ ಜಗಳವೇ ಸಂಕಟಕ್ಕೆ ಕಾರಣ ಎನ್ನುತ್ತಾರೆ ವಿಜ್ಞಾನಿಗಳು. ಮುಂದಿನ ಸೀಟಿನಲ್ಲಿ ಕೂತು ದೂರದ ರಸ್ತೆ ನೋಡಿ. ತಿರುವು ಮೊದಲೇ ಗೊತ್ತಿರುವ ಡ್ರೈವರಿಗೆ ಸಾಮಾನ್ಯವಾಗಿ ತೊಳಸುವುದಿಲ್ಲ, ಗಮನಿಸಿದ್ದೀರಾ?

ನಮ್ಮೂರಲ್ಲಿ ಹೊಟ್ಟೆ ಕೆಟ್ಟರೆ ಮೊದಲು ಬೈಸಿಕೊಳ್ಳುವುದು ಗಿರ್ಮಿಟ್ ಮತ್ತು ಮಿರ್ಚಿ. ನೀರನ್ನೂ ಸ್ವಲ್ಪ ಅನುಮಾನಿಸಬೇಕು ಎಂಬುದು ನನ್ನ ವಾದ. ಹುಬ್ಬಳ್ಳಿ-ಧಾರವಾಡದ ಅನೇಕ ಓಣಿಗಳಲ್ಲಿ ನಳ ಬರುವುದು ಹಲವು ದಿನಗಳಿಗೊಮ್ಮೆ. ಕೆಲವು ವಾರ್ಡುಗಳಲ್ಲಿ ಮಾತ್ರ 2008ರ ಸುಮಾರಿಗೆ ದಿನವಿಡೀ ನೀರು ಬರತೊಡಗಿತು. ಈ ಎರಡು ಬಗೆಯ ನೀರನ್ನು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿಗೇ ಬಂದು ಪರೀಕ್ಷಿಸಿದರು. ಬಿಟ್ಟುಬಿಟ್ಟು ಬರುವ ನೀರಿನಲ್ಲಿ ಮಲದಿಂದ ಬರುವ ಇ-ಕೊಲೈ ಬ್ಯಾಕ್ಟೀರಿಯಾ ಹೆಚ್ಚು ಸಲ ಸಿಕ್ಕಿತು. ಕಾರಣ ಸರಳ. ಪೈಪು ಖಾಲಿಯಾದಾಗ ಒಳಗೆ ಒತ್ತಡವಿರುವುದಿಲ್ಲ, ಬಿರುಕುಗಳಿಂದ ಸುತ್ತಲಿನ ಗಟಾರದ ನೀರು ನುಸುಳುತ್ತದೆ. ಮತ್ತೆ ನಳ ಬಿಟ್ಟಾಗ ಮೊದಲು ಸುಸ್ಸೆಂದು ಗಾಳಿ, ಆಮೇಲೆ ಕೆಂಚು ನೀರು. ಆ ಮೊದಲ ನೀರೇ ಹೆಚ್ಚು ಕೊಳಕು. ಅದನ್ನು ಬಚ್ಚಲಿಗೋ ಅಂಗಳಕ್ಕೋ ಇಟ್ಟುಕೊಳ್ಳಿ. ಕುಡಿಯುವ ಕೊಡವನ್ನು ಕೊನೆಗೆ ಹಿಡಿದು, ನೀರನ್ನು ಕುದಿಸಿ ಕುಡಿಯಲಿ ಎಂದು ಅವ್ವನಿಗೆ ಹೇಳಿ.

ವಾಂತಿ-ಭೇದಿಯಲ್ಲಿ ನಿಜವಾದ ಅಪಾಯ ಮೈಯ ನೀರು, ಉಪ್ಪು ಹೋಗುವುದು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರು ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಸಕ್ಕರೆ ಜೊತೆಗಿದ್ದರೆ ಕರುಳು ಉಪ್ಪನ್ನು ಬೇಗ ಹೀರುತ್ತದೆ, ಅದರ ಹಿಂದೆಯೇ ನೀರೂ ಹೋಗುತ್ತದೆ. ಈಗಿನ ಓಆರ್‌ಎಸ್ ಪುಡಿಯ ಗುಟ್ಟು ಇಷ್ಟೇ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ, ಚಮಚ ಚಮಚವಾಗಿ ಕುಡಿಯಿರಿ. ಗಟಗಟ ಕುಡಿದರೆ ಮತ್ತೆ ಹೊರಬಂದೀತು.

ಇನ್ನೆರಡು ಮಾತು. ವಾಂತಿಯಾದ ಕೂಡಲೇ ಹಲ್ಲುಜ್ಜಬೇಡಿ, ಆಮ್ಲಕ್ಕೆ ಮೆದುವಾದ ಹಲ್ಲು ಸವೆಯುತ್ತದೆ. ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ವಾಂತಿಯಲ್ಲಿ ರಕ್ತ ಅಥವಾ ಹಸಿರು ಕಂಡರೆ, ಕುಡಿದದ್ದೇನೂ ನಿಲ್ಲದಿದ್ದರೆ, ಬಹಳ ಹೊತ್ತು ಮೂತ್ರವೇ ಬರದಿದ್ದರೆ ಮನೆಮದ್ದು ಬಿಟ್ಟು ತಕ್ಷಣ ದವಾಖಾನೆಗೆ ಹೋಗಿ.