ಪೆಟ್ಟು ಬಿದ್ದವರ ಆರೈಕೆ: ಮುಂದಿನ ವರ್ಷಗಳಿಗೆ ರೈತ ಕುಟುಂಬದ ಸಿದ್ಧತೆ

(ರೈತರು ಮತ್ತು ವಿಸ್ತರಣಾ ಕಾರ್ಯಕರ್ತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ರಾಗಿಯ ತಳಿ, ದ್ರಾಕ್ಷಿಯ ರೋಗ, ಹಿಪ್ಪುನೇರಳೆಯ ಗೊಬ್ಬರ ಇವುಗಳ ಬಗ್ಗೆ ತಿಳಿಸಲು ಬಲ್ಲವರು ಇಲ್ಲಿ ಬಂದಿದ್ದಾರೆ. ನನ್ನ ಪಾಲಿಗೆ ಬಂದಿರುವ ವಿಷಯ ಅಷ್ಟು ಹಿತವಾದುದಲ್ಲ. ದುಡಿಯುವ ಮನುಷ್ಯ ಭಾರಿ ಪೆಟ್ಟು ತಿಂದು, ಬೆನ್ನುಹುರಿ ಘಾಸಿಯಾಗಿ, ಸೊಂಟದ ಕೆಳಗೆ ಸ್ವಾಧೀನ ತಪ್ಪಿದವನಾಗಿ ಆಸ್ಪತ್ರೆಯಿಂದ ಮನೆಗೆ ಬಂದನೆಂದರೆ, ಆ ಮೇಲೆ ಸಂಸಾರ ಹೇಗೆ ನಡೆಯಬೇಕು ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕಾಗಿದೆ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಇಂತಹ ಪೆಟ್ಟು ಹೇಗೆ ಬೀಳುತ್ತದೆ ಎಂಬುದು ತಮಗೆ ಗೊತ್ತು. ಹುಣಸೆ ಬಡಿಯಲು, ಹಲಸು ಇಳಿಸಲು, ತೆಂಗಿನಕಾಯಿ ಕೀಳಲು ಮರ ಹತ್ತಿದವರು ಬೀಳುತ್ತಾರೆ. ಬದುವಿನ ಮೇಲೆ ಟ್ರ್ಯಾಕ್ಟರು ಮಗುಚುತ್ತದೆ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಟಾರು ರಸ್ತೆಯ ಮೇಲೆ ಹರಡುತ್ತೇವೆ. ರಾತ್ರಿ ಬೈಕಿನಲ್ಲಿ ಬಂದವನು ಜಾರಿ ಬೀಳುತ್ತಾನೆ. ಅವನು ಬಹುತೇಕ ನಮ್ಮ ಪಕ್ಕದ ಊರಿನವನೇ ಆಗಿರುತ್ತಾನೆ. ನೆಲಮಂಗಲ, ದೇವನಹಳ್ಳಿ, ಹೊಸಕೋಟೆಗಳ ಹೆದ್ದಾರಿಗಳ ಮಾತಂತೂ ಹೇಳುವುದೇ ಬೇಡ.

ಮೊದಲ ಗಳಿಗೆಯ ವಿಚಾರವಾಗಿ ಒಂದೇ ಮಾತು. ಬಿದ್ದವನನ್ನು ಕೈಕಾಲು ಹಿಡಿದು ಎತ್ತಬಾರದು, ಆಟೋದಲ್ಲಿ ಕೂರಿಸಿ ಒಯ್ಯಬಾರದು. ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ನಾಲ್ಕು ಜನ ಸೇರಿ ಹಲಗೆಯ ಮೇಲೋ ಕಳಚಿದ ಬಾಗಿಲಿನ ಮೇಲೋ ಮಲಗಿಸಿ, 108ರ ವಾಹನಕ್ಕೆ ಕಾಯುವುದು ಲೇಸು. ಅಲ್ಪಸ್ವಲ್ಪ ಉಳಿದಿರಬಹುದಾದ ನರವನ್ನು ನಾವೇ ಎತ್ತುವಾಗ ಕೆಡಿಸುವ ಸಂಭವ ಉಂಟು.

ಇನ್ನು ಹಣದ ವಿಚಾರ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಈ ಸೀಮೆಯ ಜಮೀನಿನ ಬೆಲೆ ಏರಿದೆ. ಆದುದರಿಂದ ಮನೆಯಲ್ಲಿ ಅನಾಹುತವಾದ ವಾರದಲ್ಲೇ ದಲ್ಲಾಳಿಗಳು ಆಸ್ಪತ್ರೆಯ ಬಾಗಿಲಿಗೆ ಬರುತ್ತಾರೆ. ಮಾರುವವನ ಅವಸರ ತಿಳಿದರೆ ಕೊಳ್ಳುವವನು ಬೆಲೆ ಇಳಿಸುತ್ತಾನೆ. ನನ್ನ ಅಭಿಪ್ರಾಯದಲ್ಲಿ ಮೊದಲ ಆರು ತಿಂಗಳು ಜಮೀನಿನ ಮಾತನ್ನೇ ಎತ್ತಬಾರದು. ಶಸ್ತ್ರಚಿಕಿತ್ಸೆಯ ಖರ್ಚಿಗೆ ಬೇರೆ ದಾರಿಗಳಿವೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತುಹೋಗಿದ್ದ ಯಶಸ್ವಿನಿ ಯೋಜನೆ ಮತ್ತೆ ಜಾರಿಗೆ ಬಂದಿದೆ. ವಾಹನ ಅಪಘಾತವಾದರೆ 2025ರ ಕೇಂದ್ರ ಯೋಜನೆಯಂತೆ ಮೊದಲ 7 ದಿನಗಳಲ್ಲಿ 1.5 ಲಕ್ಷದವರೆಗೆ ನಗದು ಕೊಡದೆ ಚಿಕಿತ್ಸೆ ಪಡೆಯಬಹುದು. ಆದರೆ ಗಮನಿಸಿ: ಇವೆಲ್ಲ ಆಸ್ಪತ್ರೆಯೊಳಗಿನ ಖರ್ಚಿಗೆ. ಮನೆಗೆ ಬಂದ ಮೇಲೆ ನಡೆಯುವ ಆರೈಕೆಗೆ ಇವುಗಳಿಂದ ಹೆಚ್ಚೇನೂ ದೊರೆಯದು. ಆ ಖರ್ಚಿಗೇ ಜಮೀನನ್ನು ಉಳಿಸಿಕೊಳ್ಳಬೇಕಾದುದು.

ಆ ಆರೈಕೆ ಎಷ್ಟು ಕಾಲದ್ದು? ಹಿಂದೆ ಬೆನ್ನುಹುರಿ ಮುರಿದವರು ಒಂದೆರಡು ವರ್ಷದಲ್ಲೇ ಹಾಸಿಗೆಹುಣ್ಣು, ಮೂತ್ರದ ನಂಜು ಇವುಗಳಿಂದ ಸಾಯುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಇವೆರಡನ್ನೂ ತಡೆಯಬಹುದೆಂದು ತೋರಿಸಿಕೊಟ್ಟರು. ನಮ್ಮ ಪಕ್ಕದ ವೆಲ್ಲೂರಿನಲ್ಲೇ ಡಾ. ಮೇರಿ ವರ್ಗೀಸ್ ಎಂಬ ವೈದ್ಯೆ ಇದ್ದರು. 1954ರ ವಾಹನ ಅಪಘಾತದಲ್ಲಿ ಅವರ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ಮಾಡಿದರು; 1966ರಲ್ಲಿ ಅಲ್ಲಿ ಪುನಶ್ಚೇತನ ಕೇಂದ್ರ ಆರಂಭವಾಗಲು ಕಾರಣರಾದರು. ಹೀಗಿರುವಾಗ ಮೂವತ್ತರ ಪ್ರಾಯದವನಿಗೆ ಪೆಟ್ಟು ಬಿದ್ದರೆ ಇನ್ನೂ ಮೂವತ್ತು ವರ್ಷ ಬಾಳುವನೆಂದೇ ಲೆಕ್ಕ ಹಾಕತಕ್ಕದ್ದು. "ಇನ್ನೆಷ್ಟು ದಿನವೋ" ಎಂಬ ಮಾತನ್ನು ಅವನ ಕಿವಿಗೆ ಬೀಳುವಂತೆ ಆಡುವ ನೆಂಟರನ್ನು ಹೊಸ್ತಿಲಿನಾಚೆಯೇ ಕೂರಿಸುವುದು ಒಳ್ಳೆಯದು.

ದಿನದ ಆರೈಕೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ಆಸ್ಪತ್ರೆಯಿಂದ ಕಳುಹಿಸುವ ದಿನ ಇದನ್ನು ಅವಸರದಲ್ಲಿ ಹೇಳುತ್ತಾರೆ, ಕೇಳುವವರಿಗೆ ಆಗ ಏನೂ ತಲೆಗೆ ಹತ್ತುವುದಿಲ್ಲ. ಸ್ಪರ್ಶವಿಲ್ಲದ ಮೈ ನೋವನ್ನು ತಿಳಿಸುವುದಿಲ್ಲ. ಆದಕಾರಣ ಮಲಗಿದವನ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಬೇಕು. ಕುರ್ಚಿಯಲ್ಲಿ ಕೂತಾಗ ಅವನೇ ಕೈಯೂರಿ ಆಗಾಗ್ಗೆ ಮೈ ಎತ್ತಬೇಕು. ಬೆಳಿಗ್ಗೆ ಸಂಜೆ ಬಾಲದ ಮೂಳೆ, ಸೊಂಟದ ಎರಡು ಬದಿ, ಹಿಮ್ಮಡಿ ಇವನ್ನು ಕಣ್ಣಿಟ್ಟು ನೋಡಬೇಕು. ಕೆಂಪಗಾದ ಜಾಗವನ್ನು ಉಜ್ಜಬಾರದು. ಕೆಂಪು ಇಳಿಯುವವರೆಗೆ ಅದರ ಮೇಲೆ ಭಾರ ಬೀಳದಂತೆ ನೋಡಿಕೊಂಡರೆ ಸಾಕು. ಹುಣ್ಣಾದ ಮೇಲೆ ವಾಸಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ಬಿಸಿನೀರು, ಒಲೆಯ ಬೆಂಕಿ, ಕಾದ ಪಾತ್ರೆ ತಾಗಿದರೂ ಅವನಿಗೆ ಅರಿವಾಗದು. ಹಳ್ಳಿಯ ಮನೆಗಳಲ್ಲಿ ಇನ್ನೊಂದು ಅಪಾಯವಿದೆ, ಅದು ಇಲಿ. ರಾತ್ರಿ ಕಾಲಿನ ಬೆರಳು ಕಡಿದರೂ ಬೆಳಗಾದ ಮೇಲೆಯೇ ಗೊತ್ತಾಗುವುದು. ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಕ್ಕೆ ಸಿಕ್ಕಿಸಿ ಮಲಗಿಸಿ.

ಮೂತ್ರವನ್ನು ಶುಚಿಯಾದ ನಳಿಕೆಯಿಂದ ದಿನಕ್ಕೆ ನಾಲ್ಕರಿಂದ ಆರು ಸಲ ಹೊತ್ತಿಗೆ ಸರಿಯಾಗಿ ತೆಗೆಯುವ ಕ್ರಮವನ್ನು ವೈದ್ಯರು ಕಲಿಸುತ್ತಾರೆ. ಕೈ ಆಡುವವನಾದರೆ ಅವನೇ ಮಾಡಿಕೊಳ್ಳುತ್ತಾನೆ, ನಾಚಿಕೆಯಿಂದ ಕಲಿಯದೆ ಬಿಡಬಾರದು. ನೀರು ಕುಡಿಯುವುದನ್ನು ಕಡಿಮೆ ಮಾಡಿದರೆ ನಳಿಕೆಯ ಕೆಲಸ ಕಡಿಮೆಯಾದೀತೆಂದು ಕೆಲವರು ಎಣಿಸುತ್ತಾರೆ. ಅದು ಮೂತ್ರಪಿಂಡಕ್ಕೇ ಹಾನಿ. ಕತ್ತಿನ ಅಥವಾ ಎದೆಯ ಮೇಲ್ಭಾಗದ ಪೆಟ್ಟಾಗಿದ್ದವನಿಗೆ ಇದ್ದಕ್ಕಿದ್ದಂತೆ ತಲೆ ಸಿಡಿದು, ಮುಖ ಕೆಂಪಾಗಿ ಬೆವರಿದರೆ, ಕೂಡಲೇ ಎಬ್ಬಿಸಿ ಕೂರಿಸಿ, ನಳಿಕೆ ಕಟ್ಟಿದೆಯೇ ನೋಡಿ, ಇಳಿಯದಿದ್ದರೆ ಆಸ್ಪತ್ರೆಗೆ ಒಯ್ಯಿರಿ. ರಕ್ತದ ಒತ್ತಡ ಅಪಾಯದ ಮಟ್ಟಕ್ಕೆ ಏರಿರುತ್ತದೆ.

ಈಗ ಇದನ್ನು ಮಾಡುವವರು ಯಾರು? ರಾತ್ರಿ ಹತ್ತಕ್ಕೆ ಮಲಗಿ ಹನ್ನೆರಡು, ಎರಡು, ನಾಲ್ಕು, ಆರು ಗಂಟೆಗೆ ಎದ್ದರೆ ವರ್ಷಕ್ಕೆ 1,460 ಸಲ ಎದ್ದಂತಾಯಿತು. ನಳಿಕೆಯನ್ನು ದಿನಕ್ಕೆ ಐದು ಸಲ ಹಾಕಿದರೆ 1,825 ಸಲ. ಬಹುಮಟ್ಟಿಗೆ ಇದೆಲ್ಲ ಹೆಂಡತಿಯ ಇಲ್ಲವೆ ತಾಯಿಯ ಮೇಲೆ ಬೀಳುತ್ತದೆ. ಅವಳೇ ಹಾಲು ಕರೆಯಬೇಕು, ಅವಳೇ ಹಿಪ್ಪುನೇರಳೆ ಸೊಪ್ಪು ತರಬೇಕು. ಎರಡೇ ವರ್ಷಕ್ಕೆ ಅವಳ ಸೊಂಟ ಕೂತುಹೋಗುತ್ತದೆ. ಆಗ ಮಗಳ ಶಾಲೆ ಬಿಡಿಸುತ್ತಾರೆ. ಇದನ್ನು ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ಆದ್ದರಿಂದ ಮೊದಲ ತಿಂಗಳಲ್ಲೇ ಅಣ್ಣತಮ್ಮಂದಿರು ಕೂತು, ಯಾವ ರಾತ್ರಿ ಯಾರು, ವಾರಕ್ಕೊಂದು ದಿನ ಆಕೆಗೆ ಬಿಡುವು ಹೇಗೆ ಎಂದು ಗೊತ್ತುಮಾಡಿಕೊಳ್ಳಬೇಕು. ನೋಟುಬುಕ್ಕಿನಲ್ಲಿ ಬರೆದಿಡಿ. ಬಾಯಿಮಾತು ಸುಗ್ಗಿ ಬಂದಾಗ ಮರೆತುಹೋಗುತ್ತದೆ.

ಅದೇ ನೋಟುಬುಕ್ಕಿನಲ್ಲಿ ಖರ್ಚಿನ ಲೆಕ್ಕವೂ ಇರಲಿ. ಒಂದೇ ಸಲದ ಖರ್ಚು ಒಂದು ಕಡೆ: ಇಳಿಜಾರು ಕಟ್ಟುವುದು, ಕಕ್ಕಸಿನ ಬಾಗಿಲು ಅಗಲಿಸುವುದು, ಹಿಡಿಕೆ ಹಾಕಿಸುವುದು. ಇಳಿಜಾರಿಗೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಚಿಕ್ಕದಾದರೆ ಕುರ್ಚಿ ಮಗುಚುತ್ತದೆ. ಪ್ರತಿ ತಿಂಗಳ ಖರ್ಚು ಇನ್ನೊಂದು ಕಡೆ. ಕೆಲವು ವರ್ಷಕ್ಕೊಮ್ಮೆ ಬರುವ ಗಾಲಿಕುರ್ಚಿ, ಹಾಸಿಗೆ, ಕೂರುವ ಮೆತ್ತೆ ಮತ್ತೊಂದು ಕಡೆ. ಅವನ ಮತ್ತು ಆರೈಕೆ ಮಾಡುವವಳ ಕೈತಪ್ಪಿದ ಕೂಲಿಯನ್ನೂ ಸೇರಿಸಬೇಕು, ಯಾರೂ ಸೇರಿಸುವುದಿಲ್ಲ. ಈ ಮೊತ್ತವನ್ನು ಎದುರಿಗಿಟ್ಟುಕೊಂಡು ಬೆಳೆಯ ಯೋಜನೆ ಮಾಡಿರಿ. ದ್ರಾಕ್ಷಿ ತೋಟ ಹೊತ್ತಿಗೆ ಸರಿಯಾಗಿ ಸವರುವ, ಸಿಂಪಡಿಸುವ ಕೈಯನ್ನು ಕೇಳುತ್ತದೆ. ಆ ಕೈ ಇಲ್ಲವೆಂದ ಮೇಲೆ ಸಾಲ ಮಾಡಿ ಅದನ್ನು ಎಳೆದಾಡುವುದಕ್ಕಿಂತ ರಾಗಿ, ಅವರೆ, ಮೇವಿನ ಬೆಳೆ, ಎರಡು ಹಸು ಇವು ಮೇಲು. ಹಾಲಿನ ಡೇರಿಯ ಬಟವಾಡೆ ಔಷಧದ ಖರ್ಚಿಗೆ ಹೊಂದುತ್ತದೆ.

ಕಾಗದಪತ್ರಗಳ ವಿಚಾರ ಬೇಸರದ್ದು, ಆದರೂ ಹೇಳಬೇಕು. ವಾಹನ ಅಪಘಾತವಾಗಿದ್ದರೆ ಪೊಲೀಸ್ ದೂರು ಕೂಡಲೇ ಆಗಬೇಕು, ನ್ಯಾಯಮಂಡಳಿಗೆ ಅರ್ಜಿ ಆರು ತಿಂಗಳೊಳಗೆ ಹೋಗುವಂತೆ ನೋಡಿಕೊಳ್ಳಿ. ಅರ್ಜಿಯಲ್ಲಿ ಕೇವಲ ಆಸ್ಪತ್ರೆಯ ಬಿಲ್ಲು ಕೇಳಿ ಸುಮ್ಮನಾಗಬಾರದು. ಹರಿಯಾಣದಲ್ಲಿ 2007ರಲ್ಲಿ ತಂದೆತಾಯಿಗಳೊಡನೆ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದ 12 ವರ್ಷದ ಬಾಲಕಿಗೆ ಲಾರಿ ಬಡಿದು, ಮೆದುಳಿಗೆ ಪೆಟ್ಟಾಗಿ ಶಾಶ್ವತವಾಗಿ ಪರಾಧೀನಳಾದಳು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆಕೆಯನ್ನು ನೋಡಿಕೊಳ್ಳಲು ಇಬ್ಬರು ಬೇಕೆಂದು ಒಪ್ಪಿ, ತಿಂಗಳಿಗೆ 5,000 ರೂಪಾಯಿಯಂತೆ ಇಬ್ಬರಿಗೆ, 18 ವರ್ಷದ ಗುಣಕ ಹಿಡಿದು, ಆರೈಕೆಯ ಖರ್ಚೆಂದೇ 21,60,000 ರೂಪಾಯಿ ಕೊಡಿಸಿತು. ಮನೆಯವರು ಮಾಡುವ ಸೇವೆಗೂ ಬೆಲೆ ಕಟ್ಟಬಹುದೆಂದು ತಮ್ಮ ವಕೀಲರಿಗೆ ತಾವೇ ನೆನಪು ಮಾಡಿರಿ. ನಾನು ಹೇಳಿದ ನೋಟುಬುಕ್ಕು ಅಲ್ಲಿ ಸಾಕ್ಷಿಯಾಗಿ ಬರುತ್ತದೆ. ದೊರೆತ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ತಿಂಗಳ ಬಡ್ಡಿ ಬರುವಂತೆ ಮಾಡಿದರೆ, ಮನೆ ಕಟ್ಟಲು ಕೈಸಾಲ ಕೇಳುವ ಭಾವಮೈದುನರಿಂದಲೂ ಅದು ಉಳಿಯುತ್ತದೆ.

ಬ್ಯಾಂಕು ಖಾತೆ ಒಬ್ಬನ ಹೆಸರಿನಲ್ಲೇ ಇದ್ದು ಅವನಿಗೆ ತಲೆಗೆ ಪೆಟ್ಟಾಗಿ ಬುದ್ಧಿ ತಪ್ಪಿದರೆ, ಹಣ ತೆಗೆಯಲು ಕೋರ್ಟಿನ ಮೆಟ್ಟಿಲು ಹತ್ತಬೇಕಾದೀತು. ಮೊದಲೇ ಬರೆದುಕೊಟ್ಟಿದ್ದ ಮುಖ್ತ್ಯಾರುಪತ್ರವೂ ಆಗ ಊರ್ಜಿತವಾಗಿ ಉಳಿಯುವುದಿಲ್ಲ. ಗಂಡಹೆಂಡಿರು ಈಗಲೇ ಜಂಟಿ ಖಾತೆ ಮಾಡಿಸಿಕೊಳ್ಳುವುದು ಜಾಣತನ.

ಇನ್ನು ಕೆಲಸ. ಕೈ ಗಟ್ಟಿಯಾಗಿರುವವನನ್ನು ಗೋಡೆಗೆ ಮುಖ ಮಾಡಿ ಮಲಗಿಸುವುದು ಅನ್ಯಾಯ. ಟ್ರೇಗಳಲ್ಲಿ ತರಕಾರಿ ಸಸಿ ಎಬ್ಬಿಸುವುದು, ಹುಳುಗಳಿಗೆ ಸೊಪ್ಪು ಕತ್ತರಿಸುವುದು, ದೊಡ್ಡಬಳ್ಳಾಪುರದ ಕಡೆಯಾದರೆ ಮಗ್ಗಕ್ಕೆ ನೂಲು ಸುತ್ತುವುದು, ಹಾಲಿನ ಸಂಘದ ಲೆಕ್ಕ ಬರೆಯುವುದು, ಇವೆಲ್ಲ ಕೂತು ಮಾಡುವ ಕೆಲಸಗಳು. ಬೆಂಗಳೂರಿನಲ್ಲಿ 1959ರಲ್ಲಿ ಎನ್. ಎಸ್. ಹೇಮಾ ಅವರು ಆರಂಭಿಸಿದ ಅಂಗವಿಕಲರ ಸಂಸ್ಥೆ, ಎಪಿಡಿ ಎಂದು ಹೆಸರಾದುದು, ಬೆನ್ನುಹುರಿಗೆ ಪೆಟ್ಟಾದವರ ಪುನಶ್ಚೇತನದ ಕೆಲಸವನ್ನೂ ನಡೆಸಿಕೊಂಡು ಬಂದಿದೆ. ನಿಮ್ಹಾನ್ಸ್‌ನಲ್ಲಿಯೂ ಇದಕ್ಕೆ ವಿಭಾಗವಿದೆ. ಮೊದಲ ವರ್ಷದಲ್ಲೇ ಹೋಗಿ ಬರುವುದು ಮೇಲು.

ವಿಸ್ತರಣಾ ಮಿತ್ರರಲ್ಲಿ ನನ್ನದೊಂದು ಕೋರಿಕೆ. ತಮ್ಮ ವೃತ್ತದ ಯಾವ ಹಳ್ಳಿಯಲ್ಲಿ ಹಾಸಿಗೆ ಹಿಡಿದವರಿದ್ದಾರೆಂದು ತಮಗೆ ತಿಳಿದಿರುತ್ತದೆ. ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಆ ಮನೆ ತೋರಿಸಿ, ಅಂಗವಿಕಲರ ಗುರುತಿನ ಚೀಟಿ ಮಾಡಿಸಿ. ಶೇಕಡ 40ಕ್ಕೆ ಮೇಲ್ಪಟ್ಟ ಅಂಗವೈಕಲ್ಯದ ಪ್ರಮಾಣಪತ್ರವಿದ್ದರೆ ಮಾಸಾಶನಕ್ಕೂ ಅರ್ಜಿ ಹಾಕಬಹುದು. ಹಾಗೆಯೇ ರೈತರ ಸಭೆ ಸೇರಿದಾಗಲೆಲ್ಲ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನು ನೆನಪಿಸಿರಿ. 18ರಿಂದ 70 ವರ್ಷದ ಖಾತೆದಾರರಿಗೆ ವರ್ಷದ ಕಂತು 20 ರೂಪಾಯಿ. ಅಪಘಾತದಲ್ಲಿ ಎರಡು ಕಾಲುಗಳ ಸ್ವಾಧೀನ ಪೂರ್ತಿ ಹೋದರೆ 2 ಲಕ್ಷ, ಒಂದಾದರೆ 1 ಲಕ್ಷ. ವಿಮೆಯ ವರ್ಷ ಜೂನ್ 1ಕ್ಕೆ ಆರಂಭವಾಗುತ್ತದೆ. ಮೇ ತಿಂಗಳ ಕೊನೆಗೆ ಖಾತೆಯಲ್ಲಿ ಆ 20 ರೂಪಾಯಿ ಇಲ್ಲದೆ ಎಷ್ಟೋ ಜನರ ವಿಮೆ ನಿಂತುಹೋಗಿರುತ್ತದೆ. ಪಾಸುಬುಕ್ಕನ್ನು ಈ ವಾರವೇ ತೆರೆದು ನೋಡಿಕೊಳ್ಳಿ.